ಮಾಡದೆ ಉಳಿದ ಆರೈಕೆಯನ್ನು ಓದುವ ಬಗೆ

ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿ ನಾನು ಬರೆದು ಒಪ್ಪಿಸಿದ್ದ ಸಾಹಿತ್ಯ ಸಮೀಕ್ಷೆಯ (ವಿಷಯದ ಬಗ್ಗೆ ಈವರೆಗೆ ನಡೆದ ಸಂಶೋಧನೆಗಳ ಅವಲೋಕನದ) ಅಧ್ಯಾಯ ಮೂರು ವಾರಗಳ ನಂತರ ಕೈಗೆ ಮರಳಿದಾಗ ಅದರಲ್ಲಿ ತಿದ್ದುಪಡಿಗಳೇ ಇರಲಿಲ್ಲ. ಮಾರ್ಗದರ್ಶಕರು ಪೆನ್ಸಿಲ್ ಹಿಡಿದು ಪ್ರತಿ ಪ್ಯಾರಾದ ಮೊದಲ ಪದದ ಕೆಳಗೆ ಒಂದೊಂದು ಗೆರೆ ಎಳೆದಿದ್ದರು, ಅಷ್ಟೆ. ಆ ಗೆರೆಗಳನ್ನಷ್ಟೇ ಹಿಡಿದು ನಲವತ್ತೊಂದು ಪುಟಗಳನ್ನು ತಿರುವಿಹಾಕಿದರೆ ಸಿಗುತ್ತಿದ್ದುದು ಸಂಶೋಧಕರ ಹೆಸರುಗಳು ಮಾತ್ರ. ಒಬ್ಬರು ಇಂಥ ವರ್ಷ ಇಷ್ಟು ನರ್ಸ್‌ಗಳನ್ನು ವಿಚಾರಿಸಿದರು, ಇಂಥದ್ದು ಕಂಡುಬಂತು. ಇನ್ನೊಬ್ಬರು ಮತ್ತೊಂದು ವರ್ಷ ಅಷ್ಟು ನರ್ಸ್‌ಗಳನ್ನು ವಿಚಾರಿಸಿದರು, ಮತ್ತೊಂದು ಕಂಡುಬಂತು. ಕೊನೆಯ ಪುಟದ ಅಂಚಿನಲ್ಲಿ ಅವರು ಒಂದೇ ಒಂದು ಪ್ರಶ್ನೆ ಬರೆದಿದ್ದರು: "ಇಷ್ಟು ಜನರ ಮಾತು ಕೇಳಿದ ಮೇಲೆ ನಿಮಗೆ ಏನು ತಿಳಿಯಿತು?"

ಆ ಪ್ರಶ್ನೆಗೆ ಉತ್ತರ ಬರೆಯಲು ನನಗೆ ಮತ್ತೆ ಎಂಟು ತಿಂಗಳು ಬೇಕಾದವು. ಆ ಎಂಟು ತಿಂಗಳಲ್ಲಿ ಹೊಸದಾಗಿ ಓದಿದ ಪೇಪರುಗಳು ಬಹಳ ಕಡಿಮೆ. ಓದಿದ್ದ ಪೇಪರುಗಳನ್ನೇ ಬೇರೆ ರೀತಿಯಲ್ಲಿ ಓದಬೇಕಾಯಿತು. ಶುಶ್ರೂಷಾ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡುತ್ತಿರುವ, ನನ್ನಂತೆಯೇ ವಾರ್ಡಿನಿಂದ ಗ್ರಂಥಾಲಯಕ್ಕೆ ಬಂದವರಿಗೆ ಆ ಓದಿನ ಬಗೆಯನ್ನು ಆದಷ್ಟು ವಿವರವಾಗಿ ಹೇಳಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ, ವಾರ್ಡಿನಲ್ಲಿ ರೋಗಿಗೆ ಸಲ್ಲಬೇಕಾಗಿದ್ದೂ ಸಲ್ಲದೆ ಹೋಗುವ ಆರೈಕೆ. ಇದನ್ನು ಆರಿಸಿಕೊಂಡದ್ದಕ್ಕೆ ಒಂದು ರಾತ್ರಿ ಪಾಳಿ ಕಾರಣ. ಪಾರ್ಶ್ವವಾಯುವಿನಿಂದ ಮಾತು ನಿಂತುಹೋಗಿದ್ದ, ನುಂಗಲೂ ಆಗದೆ ಮೂಗಿನ ನಳಿಕೆಯ ಮೂಲಕ ಆಹಾರ ಪಡೆಯುತ್ತಿದ್ದ ವೃದ್ಧೆಯೊಬ್ಬರು ನನ್ನ ಪಾಲಿನ ರೋಗಿಗಳಲ್ಲಿ ಒಬ್ಬರಾಗಿದ್ದರು. ಆ ರಾತ್ರಿ ಮತ್ತೊಬ್ಬ ರೋಗಿಯ ಸ್ಥಿತಿ ಎರಡು ಬಾರಿ ಗಂಭೀರವಾಯಿತು. ಬೆಳಗಿನ ಪಾಳಿಯವರಿಗೆ ಡ್ಯೂಟಿ ಒಪ್ಪಿಸುವಾಗ ಆ ವೃದ್ಧೆಯ ರಕ್ತದೊತ್ತಡ, ಔಷಧಿಗಳು, ನಳಿಕೆಯಲ್ಲಿ ಕೊಟ್ಟ ಆಹಾರದ ಪ್ರಮಾಣ, ಮೂತ್ರದ ಪ್ರಮಾಣ ಎಲ್ಲವನ್ನೂ ಹೇಳಿದೆ. ಪರದೆ ಸರಿಸಿ ಬೆಳಕು ಬಿದ್ದಾಗ ನೋಡಿದರೆ ಅವರ ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು, ತುಟಿಯ ಎರಡೂ ಮೂಲೆಗಳಲ್ಲಿ ಹಕ್ಕಳೆ ಕಟ್ಟಿತ್ತು. ಇಡೀ ರಾತ್ರಿ ಒಮ್ಮೆಯೂ ಅವರ ಬಾಯಿಯನ್ನು ಸ್ವಚ್ಛಗೊಳಿಸಿರಲಿಲ್ಲ. ಅದನ್ನು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ, ಚಾರ್ಟಿನಲ್ಲಿ ಅದಕ್ಕೊಂದು ಅಂಕಣವೂ ಇರಲಿಲ್ಲ. ಮಾಡಿದ ಕೆಲಸಕ್ಕೆ ದಾಖಲೆ ಇರುತ್ತದೆ. ಮಾಡದೆ ಬಿಟ್ಟದ್ದು ಎಲ್ಲಿಯೂ ದಾಖಲಾಗುವುದಿಲ್ಲ.

ಸಂಶೋಧನೆಗೆ ಬಂದ ಮೇಲೆ ಈ ಅನುಭವಕ್ಕೆ ಒಂದು ಹೆಸರು ಇದೆಯೆಂದು ತಿಳಿದು ಸಮಾಧಾನವಾಯಿತು. ಸ್ವಲ್ಪ ದಿನಗಳಲ್ಲೇ ಒಂದಲ್ಲ, ಹಲವು ಹೆಸರುಗಳಿವೆ ಎಂದೂ ತಿಳಿಯಿತು. ಅಮೆರಿಕದ ಬೀಟ್ರಿಸ್ ಕಾಲಿಷ್ 2006ರಲ್ಲಿ ಪ್ರಕಟಿಸಿದ ಗುಣಾತ್ಮಕ ಅಧ್ಯಯನದಲ್ಲಿ ಇದನ್ನು 'ಮಿಸ್ಡ್ ನರ್ಸಿಂಗ್ ಕೇರ್' (ಕೈತಪ್ಪಿದ ಆರೈಕೆ) ಎಂದು ಕರೆದರು. ಸ್ವಿಟ್ಜರ್ಲೆಂಡಿನ ಮಾರಿಯಾ ಶೂಬರ್ಟ್ ಮತ್ತು ಸಂಗಡಿಗರು ಸುಮಾರು ಅದೇ ಕಾಲದಲ್ಲಿ 'ಇಂಪ್ಲಿಸಿಟ್ ರೇಷನಿಂಗ್' (ಆರೈಕೆಯನ್ನು ಹೇಳದೆಯೇ ಪಡಿತರದಂತೆ ಅಳೆದು ಹಂಚುವುದು) ಎಂಬ ಪರಿಕಲ್ಪನೆಯ ಸುತ್ತ ಬರ್ನ್ಕಾ ಎಂಬ ಪ್ರಶ್ನಾವಳಿಯನ್ನು ರೂಪಿಸಿದರು. ಯುರೋಪಿನ ದೊಡ್ಡ ಸಮೀಕ್ಷೆಗಳು 'ಕೇರ್ ಲೆಫ್ಟ್ ಅನ್‌ಡನ್' (ಮಾಡದೆ ಉಳಿದ ಆರೈಕೆ) ಎಂದವು. 2015ರಲ್ಲಿ ಟೆರ್ರಿ ಜೋನ್ಸ್ ಮತ್ತು ಸಹಲೇಖಕರು ಇವೆಲ್ಲವನ್ನೂ ಒಂದೇ ಸೂರಿನಡಿ ತರಲು 'ಅನ್‌ಫಿನಿಷ್ಡ್ ಕೇರ್' (ಅಪೂರ್ಣ ಆರೈಕೆ) ಎಂಬ ಹೆಸರನ್ನು ಮುಂದಿಟ್ಟರು.

ಡೇಟಾಬೇಸುಗಳಲ್ಲಿ ಹುಡುಕುವಾಗ ಈ ನಾಲ್ಕೂ ಹೆಸರುಗಳನ್ನು 'ಅಥವಾ' ಎಂಬ ಕೊಂಡಿಯಿಂದ ಜೋಡಿಸಬೇಕು; ಹಾಗೆ ಮಾಡದಿದ್ದರೆ ಅರ್ಧ ಪೇಪರುಗಳು ಕಣ್ಣಿಗೇ ಬೀಳುವುದಿಲ್ಲ. ಸಿನಾಲ್ ಮತ್ತು ಮೆಡ್‌ಲೈನ್ ಎಂಬ ಎರಡು ಡೇಟಾಬೇಸುಗಳಲ್ಲಿಯೂ ವಿಷಯಶೀರ್ಷಿಕೆಗಳು ಬೇರೆಬೇರೆ ಇರುವುದರಿಂದ ಒಂದರಲ್ಲಿ ಬಳಸಿದ ಹುಡುಕಾಟದ ಸಾಲನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಿದರೆ ಕೆಲಸ ಕೆಡುತ್ತದೆ. ಗ್ರಂಥಪಾಲಕರೊಬ್ಬರು ಒಂದು ಮಧ್ಯಾಹ್ನವಿಡೀ ಪಕ್ಕದಲ್ಲಿ ಕೂತು ಇದನ್ನು ಕಲಿಸಿಕೊಟ್ಟರು. ಎಷ್ಟು ಸಿಕ್ಕವು, ಎಷ್ಟನ್ನು ಯಾಕೆ ಕೈಬಿಟ್ಟೆ, ಕೊನೆಗೆ ಎಷ್ಟು ಉಳಿದವು ಎಂಬುದನ್ನು ಪ್ರಿಸ್ಮಾ 2020 ಎಂಬ, ಸಾಹಿತ್ಯ ಸಮೀಕ್ಷೆಗಳ ವರದಿಗೆ ಬಳಸುವ ಮಾರ್ಗಸೂಚಿಯ ಹರಿವಿನ ಚಿತ್ರದಲ್ಲಿ ತುಂಬುವುದು ಶ್ರಮದ ಕೆಲಸವಾದರೂ ಕಷ್ಟದ ಕೆಲಸವಲ್ಲ. ನನ್ನಲ್ಲಿ ಉಳಿದವು ಐವತ್ತೆಂಟು.

ನಾನು ಎಡವಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಹುಡುಕಾಟದಲ್ಲಿ ಒಂದೇ ಎಂದು ಜೋಡಿಸಿದ್ದ ಹೆಸರುಗಳನ್ನು ವಿಶ್ಲೇಷಣೆಯಲ್ಲಿಯೂ ಒಂದೇ ಎಂದು ಭಾವಿಸಿ ಮುಂದುವರಿದೆ. ನನ್ನ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸವಿದ್ದುದರಿಂದ ಈ ತಪ್ಪು ತಡವಾಗಿಯಾದರೂ ಕಣ್ಣಿಗೆ ಬಿತ್ತು. 'ಕೈತಪ್ಪಿದ ಆರೈಕೆ' ಎಂದು ಬರೆದರೆ ಯಾರ ಕೈ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. 'ಮಾಡದೆ ಉಳಿದ ಆರೈಕೆ' ಎಂದರೆ ಕೆಲಸ ಹೆಚ್ಚಿತ್ತು, ಹೊತ್ತು ಮುಗಿಯಿತು ಎಂಬ ಧ್ವನಿ. 'ಆರೈಕೆಯ ಪಡಿತರ' ಎಂದು ಬರೆದ ದಿನ ನಾನು ಬಹಳ ಹೊತ್ತು ಆ ಪದವನ್ನೇ ನೋಡುತ್ತ ಕೂತೆ. ಅಲ್ಲಿ ಇರುವುದು ಕಡಿಮೆ, ಬೇಕಾದವರು ಹೆಚ್ಚು, ಅಳೆದು ಹಂಚುವ ಹೊಣೆ ನರ್ಸಿನದು. ಪರಿಕಲ್ಪನೆ ಬೇರೆಯಾದಾಗ ಕೇಳುವ ಪ್ರಶ್ನೆಯೂ ಬೇರೆಯಾಗಿರಲೇಬೇಕು ಎಂದು ಹೊಳೆದದ್ದು ಆಗ.

ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ನನ್ನ ಸಂಶ್ಲೇಷಣೆಯ ಕೋಷ್ಟಕದಲ್ಲಿ ಎಲ್ಲರೂ ಹಾಕಿಕೊಳ್ಳುವ ಅಂಕಣಗಳಿದ್ದವು: ಲೇಖಕರು, ವರ್ಷ, ದೇಶ, ವಿನ್ಯಾಸ, ಮಾದರಿಯ ಗಾತ್ರ, ಸಾಧನ (ಬಳಸಿದ ಪ್ರಶ್ನಾವಳಿ), ಫಲಿತಾಂಶ, ಮಿತಿಗಳು. ಅವುಗಳ ಪಕ್ಕದಲ್ಲಿ ಹೊಸದಾಗಿ ಮೂರು ಅಂಕಣಗಳನ್ನು ಸೇರಿಸಿದೆ. ಯಾರನ್ನು ಕೇಳಿದರು, ಯಾವ ಅವಧಿಯ ಬಗ್ಗೆ ಕೇಳಿದರು, ಏನೆಂದು ಕೇಳಿದರು. ಕೊನೆಯ ಅಂಕಣದಲ್ಲಿ ಪ್ರಶ್ನೆಯ ಸಾರಾಂಶವನ್ನು ಬರೆಯದೆ ಪ್ರಶ್ನಾವಳಿಯಲ್ಲಿದ್ದ ವಾಕ್ಯವನ್ನೇ ಇಳಿಸಿಕೊಳ್ಳಬೇಕೆಂದು ನಿಯಮ ಮಾಡಿಕೊಂಡೆ. ಅದಕ್ಕಾಗಿ ಐವತ್ತೆಂಟು ಪೇಪರುಗಳನ್ನೂ ಮತ್ತೆ ತೆರೆಯಬೇಕಾಯಿತು, ಕೆಲವು ಸಂಶೋಧಕರಿಗೆ ಪತ್ರ ಬರೆದು ಪ್ರಶ್ನಾವಳಿಯನ್ನು ತರಿಸಿಕೊಳ್ಳಬೇಕಾಯಿತು. ಇಡೀ ಪಿಎಚ್.ಡಿ.ಯಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಇದೇ ಎಂದು ಈಗಲೂ ನಂಬಿದ್ದೇನೆ.

ಏಕೆಂದರೆ ಮೂರು ಪ್ರಶ್ನಾವಳಿಗಳು ಕೇಳುತ್ತಿದ್ದುದು ಮೂರು ಬೇರೆ ಸಂಗತಿಗಳನ್ನು. ಕಾಲಿಷ್ ಅವರ ಮಿಸ್‌ಕೇರ್ ಪ್ರಶ್ನಾವಳಿ, ನಿಮ್ಮನ್ನೂ ಸೇರಿಸಿ ನಿಮ್ಮ ವಾರ್ಡಿನ ಎಲ್ಲ ಸಿಬ್ಬಂದಿಯಿಂದ ಈ ಕೆಲಸ ಎಷ್ಟು ಸಲ ತಪ್ಪಿಹೋಗುತ್ತದೆ ಎಂದು ಕೇಳುತ್ತದೆ. ಬರ್ನ್ಕಾ, ನೀವು ಕೆಲಸ ಮಾಡಿದ ಕಳೆದ ಏಳು ದಿನಗಳಲ್ಲಿ ಎಷ್ಟು ಸಲ ಈ ಕೆಲಸವನ್ನು ಮಾಡಲಾಗಲಿಲ್ಲ ಎಂದು ಕೇಳುತ್ತದೆ. ಆರ್‌ಎನ್4ಕಾಸ್ಟ್ ಎಂಬ ಯುರೋಪಿಯನ್ ಸಮೀಕ್ಷೆ, ನಿಮ್ಮ ಕೊನೆಯ ಪಾಳಿಯಲ್ಲಿ ಅಗತ್ಯವಿದ್ದೂ ಸಮಯ ಸಾಲದೆ ಉಳಿದುಹೋದವು ಯಾವುವು ಎಂದು ಹದಿಮೂರು ಕೆಲಸಗಳ ಪಟ್ಟಿ ಕೊಟ್ಟು ಗುರುತು ಹಾಕಿಸುತ್ತದೆ. ಒಂದು ಇಡೀ ವಾರ್ಡಿನ ರೂಢಿಯ ಬಗ್ಗೆ, ಒಂದು ಸ್ವಂತದ ಒಂದು ವಾರದ ಬಗ್ಗೆ, ಒಂದು ಸ್ವಂತದ ಒಂದೇ ಪಾಳಿಯ ಬಗ್ಗೆ. ಇಂಗ್ಲೆಂಡಿನಲ್ಲಿ ಜೇನ್ ಬಾಲ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 86ರಷ್ಟು ನರ್ಸ್‌ಗಳು ಕೊನೆಯ ಪಾಳಿಯಲ್ಲಿ ಕನಿಷ್ಠ ಒಂದಾದರೂ ಕೆಲಸ ಉಳಿಯಿತು ಎಂದಿದ್ದರು. ನನ್ನ ಮೊದಲ ಕರಡಿನಲ್ಲಿ ಈ ಸಂಖ್ಯೆಯನ್ನು ಬೇರೆ ಸಾಧನಗಳಿಂದ ಬಂದ ಸಂಖ್ಯೆಗಳ ಪಕ್ಕದಲ್ಲಿಟ್ಟು, ಈ ಸಮಸ್ಯೆಯ ಪ್ರಮಾಣ ಶೇಕಡ ಇಷ್ಟರಿಂದ ಇಷ್ಟರವರೆಗೆ ಇದೆ ಎಂದು ಗಂಭೀರವಾಗಿ ಬರೆದಿದ್ದೆ. ಅಂಥ ವಾಕ್ಯಗಳು ಸಾಹಿತ್ಯ ಸಮೀಕ್ಷೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅವು ಏನನ್ನೂ ಹೇಳುತ್ತಿಲ್ಲ ಎಂಬುದೇ ಗಮನಕ್ಕೆ ಬರುವುದಿಲ್ಲ.

ಆರ್‌ಎನ್4ಕಾಸ್ಟ್‌ನ ಪ್ರಶ್ನೆಯಲ್ಲಿ 'ಸಮಯ ಸಾಲದೆ' ಎಂಬ ಮಾತು ಇರುವುದನ್ನು ಓದುಗರು ಗಮನಿಸಬೇಕು. ಕಾರಣವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಲಾಗಿದೆ. ಆ ದತ್ತಾಂಶವನ್ನು ಮುಂದಿಟ್ಟುಕೊಂಡು, ಆರೈಕೆ ಉಳಿಯಲು ಸಮಯದ ಅಭಾವವೇ ಕಾರಣವೆಂದು ನರ್ಸ್‌ಗಳು ಹೇಳಿದ್ದಾರೆ ಎಂದು ಯಾರಾದರೂ ಬರೆದರೆ ಅದು ನರ್ಸ್‌ಗಳು ಹೇಳಿದ್ದಲ್ಲ, ಪ್ರಶ್ನಾವಳಿ ಹೇಳಿಸಿದ್ದು. ನಾನೂ ಹಾಗೆ ಬರೆದಿದ್ದೆ. ಪಟ್ಟಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ರೋಗಿಯನ್ನು ಎಬ್ಬಿಸಿ ನಡೆದಾಡಿಸುವುದು ಮಿಸ್‌ಕೇರ್ ಬಳಸಿದ ಅಧ್ಯಯನಗಳಲ್ಲಿ ಅತಿ ಹೆಚ್ಚು ತಪ್ಪುವ ಕೆಲಸಗಳ ಸಾಲಿನಲ್ಲಿ ಪದೇ ಪದೇ ಕಾಣಿಸುತ್ತದೆ. ಆರ್‌ಎನ್4ಕಾಸ್ಟ್‌ನ ಹದಿಮೂರರ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಯುರೋಪಿನ ರೋಗಿಗಳೆಲ್ಲ ಚೆನ್ನಾಗಿ ನಡೆದಾಡುತ್ತಿದ್ದರು ಎಂದು ಅದರಿಂದ ತಿಳಿಯಬೇಕಿಲ್ಲ.

ಹೀಗೆ ಸಾಲುಗಳನ್ನು ತುಂಬುತ್ತ ಹೋದಾಗ ಇನ್ನೊಂದು ಸಂಗತಿ ಎದುರಾಯಿತು. 2014ರಲ್ಲೇ ಪ್ರಕಟವಾದ ಮತ್ತೊಂದು ಪೇಪರ್ 12 ಯುರೋಪಿಯನ್ ದೇಶಗಳ 488 ಆಸ್ಪತ್ರೆಗಳ 33,659 ನರ್ಸ್‌ಗಳ ಉತ್ತರಗಳನ್ನು ವಿಶ್ಲೇಷಿಸಿತ್ತು. ಅದನ್ನೂ ಇಂಗ್ಲೆಂಡಿನ ಅಧ್ಯಯನವನ್ನೂ ನಾನು ಪರಸ್ಪರ ಬೆಂಬಲಿಸುವ ಎರಡು ಸಾಕ್ಷ್ಯಗಳೆಂದು ಬರೆದಿದ್ದೆ. ಆದರೆ ಎರಡಕ್ಕೂ ಮೂಲ ಆರ್‌ಎನ್4ಕಾಸ್ಟ್ ಎಂಬ ಒಂದೇ ಸಮೀಕ್ಷೆ. ಇಂಗ್ಲೆಂಡಿನ 46 ಆಸ್ಪತ್ರೆಗಳ ನರ್ಸ್‌ಗಳು ತುಂಬಿಕೊಟ್ಟದ್ದೂ ಅದೇ ಸಮೀಕ್ಷೆಯ ಪ್ರಶ್ನಾವಳಿಯನ್ನು. ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆ ಹತ್ತಿಸಿ ಇಬ್ಬರು ಸಾಕ್ಷಿಗಳು ಎಂದು ಎಣಿಸಿದಂತಾಗಿತ್ತು. ಅಂದಿನಿಂದ ಕೋಷ್ಟಕಕ್ಕೆ 'ದತ್ತಾಂಶದ ಮೂಲ' ಎಂಬ ಅಂಕಣ ಸೇರಿತು, ಮತ್ತು ಐವತ್ತೆಂಟು ಪೇಪರುಗಳ ಹಿಂದೆ ಇದ್ದ ಸ್ವತಂತ್ರ ದತ್ತಾಂಶಗಳು ಅದಕ್ಕಿಂತ ಸಾಕಷ್ಟು ಕಡಿಮೆ ಎಂಬುದು ಸ್ಪಷ್ಟವಾಯಿತು. ದೊಡ್ಡ ಸಮೀಕ್ಷೆಯೊಂದರಿಂದ ಹಲವು ಪೇಪರುಗಳು ಹೊರಬರುವುದು ತಪ್ಪೇನೂ ಅಲ್ಲ, ಪ್ರತಿಯೊಂದೂ ಬೇರೆ ಪ್ರಶ್ನೆಗೆ ಉತ್ತರಿಸುತ್ತಿರಬಹುದು; ಎಣಿಕೆಯಲ್ಲಿ ಎಚ್ಚರ ತಪ್ಪಬಾರದ ಹೊಣೆ ಸಾಹಿತ್ಯ ಸಮೀಕ್ಷೆ ಬರೆಯುವವರದು.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಏನೂ ಉಳಿಯದೇನೋ ಎಂಬ ಭಯ ಕೆಲವು ವಾರ ಕಾಡಿತು. ಉಳಿದದ್ದು ನಾನು ನಿರೀಕ್ಷಿಸಿರದ ಜಾಗದಲ್ಲಿತ್ತು. ಪ್ರಮಾಣಗಳನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ಹೋಲಿಸಲಾಗದಿದ್ದರೂ, ಒಂದು ಸಾಧನದೊಳಗೆ ಯಾವ ಕೆಲಸ ಮೊದಲು ಕೈಬಿಡಲ್ಪಡುತ್ತದೆ, ಯಾವುದು ಕೊನೆಗೆ ಎಂಬ ಅನುಕ್ರಮವನ್ನು ಹೋಲಿಸಬಹುದು. 12 ದೇಶಗಳ ಅಧ್ಯಯನದಲ್ಲಿ ಅತಿ ಹೆಚ್ಚು ಉಳಿದದ್ದು ರೋಗಿಯೊಂದಿಗೆ ಮಾತಾಡಿ ಧೈರ್ಯ ಹೇಳುವುದು, ಶೇ. 53, ನಂತರ ಆರೈಕೆಯ ಯೋಜನೆಯನ್ನು ಬರೆಯುವುದು, ಶೇ. 42; ರೋಗಿಗೂ ಮನೆಯವರಿಗೂ ತಿಳಿವಳಿಕೆ ಕೊಡುವುದು, ಶೇ. 41. ಇಂಗ್ಲೆಂಡಿನ ಉತ್ತರಗಳನ್ನು ಬೇರೆಯಾಗಿ ನೋಡಿದರೂ ಮೇಲಿನ ಸ್ಥಾನಗಳಲ್ಲಿ ಇವೇ ಮೂರು ಇದ್ದವು, ನೋವು ಶಮನ ಮತ್ತು ಚಿಕಿತ್ಸಾ ಕ್ರಮಗಳು ತಳದಲ್ಲಿದ್ದವು. ಕಾಲಿಷ್ 2006ರಲ್ಲಿ ಗುಂಪು ಚರ್ಚೆಗಳಿಂದ ಗುರುತಿಸಿದ ಒಂಬತ್ತು ಬಗೆಯ ಆರೈಕೆಗಳಲ್ಲಿಯೂ ನಡೆದಾಡಿಸುವುದು, ಮಗ್ಗುಲು ಬದಲಿಸುವುದು, ತಿಳಿವಳಿಕೆ ಕೊಡುವುದು, ಭಾವನಾತ್ಮಕ ಬೆಂಬಲ, ಮೈ ಬಾಯಿಗಳ ಸ್ವಚ್ಛತೆ ಇಂಥವೇ ಇದ್ದವು. ವೈದ್ಯರು ಬರೆದುಕೊಟ್ಟದ್ದು, ಗಡಿಯಾರದ ಹೊತ್ತಿಗೆ ಕಟ್ಟಿಹಾಕಿದ್ದು, ಬಿಟ್ಟರೆ ಕೂಡಲೇ ಯಾರಾದರೂ ಕೇಳುವಂಥದ್ದು ತಪ್ಪದೆ ನಡೆಯುತ್ತದೆ. ನರ್ಸಿನ ಸ್ವಂತ ವಿವೇಚನೆಗೆ ಬಿಟ್ಟದ್ದು ಮೊದಲು ಜಾರುತ್ತದೆ. ಈ ವಾಕ್ಯ ಯಾವ ಒಂದು ಪೇಪರಿನಲ್ಲಿಯೂ ಇರಲಿಲ್ಲ. ಸಾಲುಗಳನ್ನು ಅಡ್ಡಡ್ಡ ಓದುವುದನ್ನು ನಿಲ್ಲಿಸಿ ಅಂಕಣಗಳನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಮಾತ್ರ ಅದು ಕಂಡಿತು.

ಗುಣಾತ್ಮಕ ಅಧ್ಯಯನಗಳನ್ನು ಪರಿಮಾಣಾತ್ಮಕ ಅಧ್ಯಯನಗಳ ಜೊತೆಯಲ್ಲಿಟ್ಟು ಓದುವುದಕ್ಕೆ ನನಗೆ ದಾರಿ ತೋರಿಸಿದ್ದು ರಾಬಿನ್ ವಿಟ್ಟೆಮೋರ್ ಮತ್ತು ಕ್ಯಾಥ್ಲೀನ್ ನಾಫಲ್ 2005ರಲ್ಲಿ ವಿವರಿಸಿದ ಸಮಗ್ರ ಸಾಹಿತ್ಯ ಸಮೀಕ್ಷೆಯ ವಿಧಾನ. ಸಮಸ್ಯೆಯನ್ನು ಗುರುತಿಸುವುದು, ಹುಡುಕುವುದು, ದತ್ತಾಂಶದ ಗುಣಮಟ್ಟ ಅಳೆಯುವುದು, ವಿಶ್ಲೇಷಿಸುವುದು, ಮಂಡಿಸುವುದು ಎಂಬ ಐದು ಹಂತಗಳಲ್ಲಿ ಅವರು ಹೆಚ್ಚು ಒತ್ತು ಕೊಟ್ಟದ್ದು ವಿಶ್ಲೇಷಣೆಗೆ, ಏಕೆಂದರೆ ಬೇರೆಬೇರೆ ವಿನ್ಯಾಸಗಳ ಅಧ್ಯಯನಗಳನ್ನು ಬೆಸೆಯುವ ಕೆಲಸ ಹಳಿ ತಪ್ಪುವುದು ಅಲ್ಲಿಯೇ. ಅವರ ಸೂಚನೆಯಂತೆ ಕಾಲಿಷ್ ಅವರ ಗುಣಾತ್ಮಕ ಅಧ್ಯಯನವನ್ನೂ ಅದರ ಬೆನ್ನಲ್ಲೇ ಬಂದ ಮಿಸ್‌ಕೇರ್ ಪ್ರಶ್ನಾವಳಿಯನ್ನೂ ಅಕ್ಕಪಕ್ಕದಲ್ಲಿ ಹರಡಿಕೊಂಡು ಕೂತಾಗ ನನಗೆ ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಗುಂಪು ಚರ್ಚೆಗಳಲ್ಲಿ ನರ್ಸ್‌ಗಳು ಹೇಳಿದ ಏಳು ಕಾರಣಗಳಲ್ಲಿ ಸಿಬ್ಬಂದಿಯ ಕೊರತೆ, ಕೆಲಸ ಹಂಚಿಕೊಡುವುದರಲ್ಲಿನ ದೋಷ ಇಂಥವುಗಳ ಜೊತೆಗೆ ಇನ್ನೆರಡು ಇದ್ದವು: ಅಭ್ಯಾಸ ಮತ್ತು ನಿರಾಕರಣೆ. ಒಮ್ಮೆ ಬಿಟ್ಟದ್ದನ್ನು ಮತ್ತೆ ಬಿಡುವುದು ಸುಲಭವಾಗುತ್ತದೆ, ಕ್ರಮೇಣ ಬಿಟ್ಟಿದ್ದೇನೆ ಎಂಬ ಅರಿವೇ ಇಲ್ಲವಾಗುತ್ತದೆ. ಪ್ರಶ್ನಾವಳಿಯ ಎರಡನೆಯ ಭಾಗದ ಹದಿನೇಳು ಕಾರಣಗಳು ಸಿಬ್ಬಂದಿ, ಸಾಮಗ್ರಿ, ಸಂವಹನ ಎಂಬ ಮೂರು ಗುಂಪುಗಳಲ್ಲಿ ಕೂಡುತ್ತವೆ. ಅಭ್ಯಾಸಕ್ಕೂ ನಿರಾಕರಣೆಗೂ ಅಲ್ಲಿ ಜಾಗವಿಲ್ಲ. ಮುಂದೆ ಆ ಪ್ರಶ್ನಾವಳಿಯನ್ನು ಹಿಡಿದು ನಡೆದ ಅಧ್ಯಯನಗಳು ಎಷ್ಟೇ ಇರಲಿ, ಅವುಗಳ ಕಾರಣಗಳ ಕೋಷ್ಟಕದಲ್ಲಿ ಇವೆರಡು ಕಾಣಿಸುವಂತೆಯೇ ಇಲ್ಲ. ಸಂಖ್ಯೆಗಳ ಮೌನವನ್ನು ಪುರಾವೆಯ ಅಭಾವವೆಂದು ಓದಿದ್ದರೆ, ಆ ರಾತ್ರಿಯ ನನ್ನ ಸ್ವಂತ ನಡವಳಿಕೆಯನ್ನು ವಿವರಿಸಬಲ್ಲ ಎರಡೂ ಪದಗಳು ನನ್ನ ಸಮೀಕ್ಷೆಯಿಂದ ಬಿದ್ದುಹೋಗುತ್ತಿದ್ದವು.

ಸಾವಿನ ಬಗೆಗಿನ ಪುರಾವೆಯನ್ನು ಬರೆಯುವಾಗ ನನಗೆ ಭಾಷೆಯದೇ ತೊಡಕಾಯಿತು. 2018ರಲ್ಲಿ ಬಾಲ್ ಮತ್ತು ಸಹಲೇಖಕರು ಒಂಬತ್ತು ಯುರೋಪಿಯನ್ ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 4,22,730 ರೋಗಿಗಳ ದತ್ತಾಂಶವನ್ನು ವಿಶ್ಲೇಷಿಸಿ, ಮಾಡದೆ ಉಳಿದ ಆರೈಕೆ ಶೇ. 10 ಹೆಚ್ಚಿದ ಕಡೆ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಆಡ್ಸ್ (ಸಾಯುವ ಸಂಭವಕ್ಕೂ ಬದುಕುಳಿಯುವ ಸಂಭವಕ್ಕೂ ಇರುವ ಅನುಪಾತ) ಶೇ. 16 ಹೆಚ್ಚಿರುವುದನ್ನು ತೋರಿಸಿದರು. ನನ್ನ ಟಿಪ್ಪಣಿಯಲ್ಲಿ ನಾನು ಬರೆದುಕೊಂಡದ್ದು 'ಆರೈಕೆ ಉಳಿಯುವುದರಿಂದ ಸಾವು ಹೆಚ್ಚುತ್ತದೆ' ಎಂದು. ಆ 'ಇಂದ' ಎಂಬ ಪ್ರತ್ಯಯ ಎಷ್ಟು ಸಲೀಸಾಗಿ ಬಂದು ಕೂತಿತೆಂದರೆ, ಸಂಬಂಧವೊಂದು ಕಾರಣವಾಗಿ ಬದಲಾದದ್ದು ನನಗೆ ತಿಳಿಯಲಿಲ್ಲ. ಇದು ಎರಡನ್ನೂ ಒಂದೇ ಕಾಲಘಟ್ಟದಲ್ಲಿ ಅಳೆದ ಅಧ್ಯಯನ; ಉಳಿದ ಆರೈಕೆಯನ್ನು ಅಳೆದದ್ದು ನರ್ಸ್‌ಗಳ ಸ್ವಂತ ಹೇಳಿಕೆಯ ಮೂಲಕ. ಸಂಬಂಧ ಗಟ್ಟಿಯಾಗಿದೆ, ಗಂಭೀರವಾಗಿದೆ, ಆಡಳಿತದವರ ಮುಂದೆ ಇಡಲು ಯೋಗ್ಯವಾಗಿದೆ. ಆದರೂ ನನ್ನ ಅಧ್ಯಾಯದಲ್ಲಿ 'ಹೆಚ್ಚಿದ ಕಡೆ ಹೆಚ್ಚು ಕಂಡುಬಂದಿದೆ' ಎಂದು ಬರೆಯಬೇಕು, ಅದಕ್ಕಿಂತ ಒಂದು ಪ್ರತ್ಯಯವೂ ಮುಂದೆ ಹೋಗಬಾರದು. ವಾರ್ಡಿನಲ್ಲಿ ದುಡಿದವರಿಗೆ ಈ ಸಂಯಮ ಕಷ್ಟ, ಏಕೆಂದರೆ ನಾವು ಕಣ್ಣಾರೆ ಕಂಡಿದ್ದನ್ನು ಯಾರಾದರೂ ಸಾಬೀತು ಮಾಡಲಿ ಎಂದು ಕಾಯುತ್ತಿರುತ್ತೇವೆ.

ಗುಣಮಟ್ಟ ಅಳೆಯುವ ಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಕ ಕಡಿಮೆ ಬಂದ ಅಧ್ಯಯನವನ್ನು ಕೂಡಲೇ ಹೊರಹಾಕದೆ, ಅದನ್ನು ಬಿಟ್ಟರೆ ನನ್ನ ತೀರ್ಮಾನ ಬದಲಾಗುತ್ತದೆಯೇ ಎಂದು ನೋಡುವುದನ್ನು ರೂಢಿಸಿಕೊಂಡೆ. ಬದಲಾಗುವುದಾದರೆ ಆ ತೀರ್ಮಾನವನ್ನೇ ಮೆತ್ತಗೆ ಬರೆದೆ.

ಅಧ್ಯಾಯವನ್ನು ಮತ್ತೆ ಬರೆದಾಗ ಪ್ಯಾರಾಗಳು ಬೇರೆ ರೀತಿಯಲ್ಲಿ ಆರಂಭವಾದವು. ಮೊದಲಿದ್ದದ್ದು ಹೀಗೆ: 'ಬಾಲ್ ಮತ್ತು ಸಂಗಡಿಗರು ಇಂಗ್ಲೆಂಡಿನ 2,917 ನರ್ಸ್‌ಗಳ ಸಮೀಕ್ಷೆ ನಡೆಸಿ, ಶೇ. 86ರಷ್ಟು ಮಂದಿ ಕನಿಷ್ಠ ಒಂದು ಕೆಲಸವನ್ನು ಮಾಡದೆ ಬಿಟ್ಟಿದ್ದರೆಂದು ಕಂಡುಕೊಂಡರು.' ಈಗ ಅದೇ ಜಾಗದಲ್ಲಿ ಇರುವುದು: 'ಯಾವ ಆರೈಕೆ ಮೊದಲು ಕೈಬಿಡಲ್ಪಡುತ್ತದೆ ಎಂಬ ವಿಷಯದಲ್ಲಿ, ಬೇರೆಬೇರೆ ಸಾಧನಗಳನ್ನು ಬಳಸಿದ ಅಧ್ಯಯನಗಳ ನಡುವೆಯೂ ಹೊಂದಾಣಿಕೆಯಿದೆ, ಎಷ್ಟು ಕೈಬಿಡಲ್ಪಡುತ್ತದೆ ಎಂಬುದರಲ್ಲಿ ಇಲ್ಲ, ಮತ್ತು ಆ ಭಿನ್ನತೆಯ ಬಹುಭಾಗವನ್ನು ಪ್ರಶ್ನೆ ಕೇಳಿದ ರೀತಿಯೇ ವಿವರಿಸಬಲ್ಲದು.' ಸಂಶೋಧಕರ ಹೆಸರುಗಳು ವಾಕ್ಯದ ಕೊನೆಗೆ, ಉಲ್ಲೇಖದ ಜಾಗಕ್ಕೆ ಸರಿದವು. ಅಧ್ಯಾಯ ಇಪ್ಪತ್ತಾರು ಪುಟಗಳಿಗೆ ಇಳಿಯಿತು.

ಹೊಸ ಅಂಕಣಗಳಲ್ಲಿ ಮೊದಲನೆಯದು, ಯಾರನ್ನು ಕೇಳಿದರು ಎಂಬುದು, ಮೇಲಿನಿಂದ ಕೆಳಗಿನವರೆಗೆ ಬಹುಪಾಲು ಒಂದೇ ಉತ್ತರವನ್ನು ಹೊತ್ತು ನಿಂತಿದೆ: ನರ್ಸ್‌ಗಳನ್ನು. ರೋಗಿಗಳನ್ನೇ ಕೇಳಿದ ಕೆಲವೇ ಅಧ್ಯಯನಗಳಲ್ಲಿ ಕಾಲಿಷ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು ಒಂದು. ಅದರಲ್ಲಿ 729 ಒಳರೋಗಿಗಳು ಉತ್ತರಿಸಿದ್ದರು, ಅವರು ಹೇಳಿದಂತೆ ಅತಿ ಹೆಚ್ಚು ತಪ್ಪಿಹೋದದ್ದು ಬಾಯಿಯ ಆರೈಕೆ, ಶೇ. 50.3. ಆ ಸಂಖ್ಯೆಯನ್ನು ಮೊದಲ ಸಲ ಓದಿದಾಗ ಪೇಪರನ್ನು ಮೇಜಿನ ಮೇಲೆ ಬೋರಲಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿದ್ದೆ. ಅವರೆಲ್ಲ ಪ್ರಶ್ನೆಗೆ ಉತ್ತರ ಕೊಡಬಲ್ಲ ರೋಗಿಗಳು. ಮಾತು ಹೋದವರು, ಪ್ರಜ್ಞೆ ಮಸುಕಾದವರು, ನಳಿಕೆಯಲ್ಲಿ ಆಹಾರ ಪಡೆಯುವವರು ನಾನು ಆಯ್ದ ಅಧ್ಯಯನಗಳಲ್ಲಿ ಉತ್ತರಿಸಿದವರ ಸಾಲಿನಲ್ಲಿ ಎಲ್ಲಿಯೂ ಇಲ್ಲ, ಮತ್ತು ಅವರ ಬಾಯಿಗೆ ನೀರಿನ ಹನಿ ತಾಗಿಸಬೇಕಾದ ಕೈ ಬೇರೆಯವರದೇ ಆಗಿರಬೇಕು. ಅವರ ಪರವಾಗಿ ಯಾರನ್ನೂ ಕೇಳದೆ, ಪಾಳಿ ಬದಲಾಗುವ ಪ್ರತಿ ಹೊತ್ತಿನಲ್ಲಿ ಅವರ ನಾಲಿಗೆ, ತುಟಿ, ಒಸಡುಗಳನ್ನೇ ನೋಡಿ ದಾಖಲಿಸುವ ಅಧ್ಯಯನವೊಂದನ್ನು ರೂಪಿಸಿ ನೈತಿಕ ಸಮಿತಿಯ ಮುಂದಿಟ್ಟಿದ್ದೇನೆ. ಅನುಮತಿ ಬಂದ ವಾರವೇ ರಾತ್ರಿ ಪಾಳಿಯ ಕೊನೆಯಲ್ಲಿ, ಪರದೆ ಸರಿಸುವ ಹೊತ್ತಿಗೆ, ಮೊದಲ ದಾಖಲೆ ಆರಂಭವಾಗುತ್ತದೆ.